ಫ್ರೆಂಚ್ ಪದವನ್ನು ಎಲ್ಲಿ ತುಂಡು ಮಾಡಬೇಕು? ಮೂರು ದಾರಿ ಮಾಡಿ ನೋಡಿದೆ

ಫ್ರೆಂಚ್ ಕಲಿಯಲು ಕೂತಾಗ ಉದ್ದದ ಪದಗಳು ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ತುಂಡು ಮಾಡಿಕೊಂಡೇ ಕಲಿಯಬೇಕಾಯಿತು. ಬರಹ ನೋಡಿ ಒಂದು ತಿಂಗಳು, ಕಿವಿಗೆ ಬಿದ್ದಂತೆ ಒಂದು ತಿಂಗಳು, ಪದದ ಬೇರು ಹಿಡಿದು ಒಂದು ತಿಂಗಳು ತುಂಡು ಮಾಡಿದೆ.

ಬರಹದ ದಾರಿ ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ: ಆ-ನಿ-ಮಾಲ್ (ಪ್ರಾಣಿ). ಎರಡಿದ್ದರೆ ಒಡೆಯುತ್ತವೆ: ಪಾರ್-ತೀರ್ (ಹೊರಡು). ಎರಡನೆಯದು ಲ ಅಥವಾ ರ ಆಗಿದ್ದರೆ ಹೆಚ್ಚಾಗಿ ಜೊತೆಗೇ ಉಳಿಯುತ್ತವೆ: ತಾ-ಬ್ಲೋ (ಚಿತ್ರ). ಆದರೆ 'ಶನಿವಾರ' ಎನ್ನುವ ಪದ ಬಂದಾಗ ಕಷ್ಟ ಶುರುವಾಯಿತು. ಬರಹದಲ್ಲಿ ಸಾ-ಮ-ದಿ, ಮೂರು ತುಂಡು. ಮಾತಿನಲ್ಲಿ ಸಾಮ್-ದಿ, ಎರಡೇ. ಸಾಲಿನ ಕೊನೆಯಲ್ಲಿ ಪದ ಮುರಿಯಲು ಈ ದಾರಿ ಸಾಕು, ಕೇಳಿ ತಿಳಿಯಲು ಸಾಲದು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಕಿವಿಯ ದಾರಿ. ಇಲ್ಲಿ ಪದಗಳ ಗಡಿಯೇ ಅಳಿಸಿಹೋಗುತ್ತದೆ. ಬಹುವಚನ ತೋರಿಸುವ 'ಲೆ' ಜೊತೆ 'ಆಮಿ' ಸೇರಿದರೆ ಲೆ-ಜ಼ಾ-ಮಿ, ಅಂದರೆ ಗೆಳೆಯರು. ಬರಹದಲ್ಲಿ 'ಲೆ' ಕೊನೆಗೆ ಸುಮ್ನೆ ಕೂತಿದ್ದ ಸಕಾರ ಜ಼ ಆಗಿ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಪ್ರಶ್ನೆ ಕೇಳುವಾಗ 'ಆ' (ಇದೆ) ಮತ್ತು 'ಇಲ್' (ಅವನು) ನಡುವೆ ಎಲ್ಲಿಂದಲೋ ತಕಾರ ಬಂದು ಆ-ತಿಲ್ ಆಗುತ್ತದೆ. 'ಮನೆ'ಗೆ 'ಅನ್ನು' ಸೇರಿ 'ಮನೆಯನ್ನು' ಆಗುವ ಹಾಗೇ ಅಲ್ವಾ? ಶಾಲೆಯಲ್ಲಿ ಓದಿದ ಆಗಮ ಸಂಧಿ ಇಷ್ಟು ವರ್ಷದ ಮೇಲೆ ಕೈ ಹಿಡಿಯಿತು.

ಬೇರಿನ ದಾರಿಯಲ್ಲಿ ಅರ್ಥ ಬೇಗ ನೆನಪಿನಲ್ಲಿ ನಿಂತಿತು. ಕಿವಿಗೆ ದೇ-ಜ಼ಾ-ಗ್ರೇ-ಆಬ್ಲ್ ಬರೀ ನಾಲ್ಕು ಸದ್ದು. ಬೇರಿನಲ್ಲಿ ನೋಡಿದರೆ ಮೊದಲು 'ಅಲ್ಲ' ಎನ್ನುವ ದೇಜ಼್, ಆಮೇಲೆ ಹಿತವಾದದ್ದು ಎನ್ನುವ ಆಗ್ರೇಆಬ್ಲ್. ಆದರೆ ಉಚ್ಚಾರಣೆಯಲ್ಲಿ ಎಡವಿದೆ. ಪದದ ಮೊದಲಿಗೆ ಸೇರಿ 'ಇಲ್ಲ' ಎನ್ನುವ ಒಂದೇ 'ಇನ್' ಪ್ರತ್ಯಯ ಇ-ನಾಕ್-ತಿಫ್ (ಚಟುವಟಿಕೆ ಇಲ್ಲದ) ಎಂಬಲ್ಲಿ ನಕಾರವಾಗಿ ಕೇಳುತ್ತದೆ. 'ಕೈಲಾಗದ' ಎನ್ನುವ ಪದದಲ್ಲಿ ಮಾತ್ರ ಅದು ಆ್ಯಂ-ಕಾ-ಪಾಬ್ಲ್, ಬರೀ ಮೂಗಿನ ಸ್ವರ. ಯಾಕೆಂದು ತಿಳಿಯಲು ಮತ್ತೆ ಕಿವಿಯ ದಾರಿಗೇ ಬರಬೇಕಾಯಿತು. ಮುಂದೆ ಸ್ವರವಿದ್ದರೆ ನಕಾರ ಆ ಕಡೆ ಹೋಗುತ್ತದೆ. ವ್ಯಂಜನವಿದ್ದರೆ ಹಿಂದೆಯೇ ಉಳಿದು ಮೂಗಿಗೆ ಏರುತ್ತದೆ.

ಹಾಗಾಗಿ ಈಗ ಹೊಸ ಪದ ಸಿಕ್ಕರೆ ಮೊದಲು ಕೇಳುತ್ತೇನೆ, ಬೆರಳು ಮಡಚಿ ತುಂಡು ಎಣಿಸುತ್ತೇನೆ. ಬೇರು ಹುಡುಕುವುದು ಅದಾದ ಮೇಲೆ.