ಫೈಬರ್ ತೆಪ್ಪಕ್ಕೆ ತೇಪೆ ಹಾಕುವ ರೆಸಿನ್ ಸೆಟ್: ಕೊಳ್ಳಬಹುದೇ?

ಯುಗಾದಿ ಹೊತ್ತಿಗೆ ತುಂಗೆ ಇಳಿದು ಕೂಡ್ಲಿ ಕಡೆ ಬಂಡೆಗಳು ತಲೆ ಎತ್ತುತ್ತವೆ. ತೆಪ್ಪ ಬೋರಲು ಹಾಕಿ ತಳ ನೋಡಲು ಇದೇ ಸಮಯ. ಪಾಲಿಯೆಸ್ಟರ್ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್, 450 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವ ಗಾಜಿನ ನಾರಿನ ಹಾಸು) ಇರುವ ಸೆಟ್ ಈ ಕೆಲಸಕ್ಕೆ ಧಾರಾಳ ಸಾಕು. ಎಪಾಕ್ಸಿ ರೆಸಿನ್ ಇನ್ನೂ ಗಟ್ಟಿ ಹಿಡಿಯುತ್ತದೆ, ಆದರೆ ದುಬಾರಿ.

ಸೆಟ್ಟಿನ ದೊಡ್ಡ ಕೊರತೆ ಹಾರ್ಡನರ್ ಬಾಟಲಿ: ಅಳತೆ ಗೆರೆಯೇ ಇಲ್ಲ. ಸೂಜಿ ತೆಗೆದ ಸಿರಿಂಜ್ ಬಳಸಿ. ಕಿಲೋ ರೆಸಿನ್‌ಗೆ 10ರಿಂದ 20 ಮಿ.ಲೀ. ಲೆಕ್ಕ, ಮಟಮಟ ಮಧ್ಯಾಹ್ನ 20 ಹಾಕಿದರೆ ಬ್ರಷ್ ಅದ್ದುವಷ್ಟರಲ್ಲಿ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಬೆಳಿಗ್ಗೆಯೇ ಮುಗಿಸಿ, ಒಮ್ಮೆಗೆ ಕಾಲು ಕಿಲೋ ಮಾತ್ರ ಕಲಸಿ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್‌ಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್, ಹಾರ್ಡನರ್ ಎರಡೂ ನೇರವಾಗಿ ಸೇರಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಸೆಟ್ಟಿನಲ್ಲಿ ಕೊಡುವುದಿಲ್ಲ, ಕೊಡಬೇಕಿತ್ತು.

ತೇಪೆ ಕಿತ್ತು ಬಂದರೆ ಸಾಮಾನ್ಯವಾಗಿ ತಪ್ಪು ರೆಸಿನ್‌ನದಲ್ಲ, ತೇವದ್ದು. ತಳ ಎರಡು ಮೂರು ದಿನ ಒಣಗಲಿ. ಬಿರುಕಿನ ಸುತ್ತ ಮೂರು ಇಂಚು 80 ನಂಬರ್ ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಮ್ಯಾಟ್ ಮೂರು ಪದರ. ರೆಸಿನ್ ಮ್ಯಾಟ್‌ನ ತೂಕದ ಎರಡೂವರೆ ಪಟ್ಟು. ಬಿಳಿ ಚುಕ್ಕೆ ಕಂಡಲ್ಲಿ ಗಾಳಿ ಉಳಿದಿದೆ, ಬ್ರಷ್ಷಿನಿಂದ ಕುಟ್ಟಿ ಹೊರಡಿಸಿ. ಮೇಲ್ಮೈ ಅಂಟಂಟಾಗಿ ಉಳಿಯದಂತೆ ಕೊನೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ನೀರಿಗಿಳಿಸಲು ಕನಿಷ್ಠ ಒಂದು ಪೂರ್ತಿ ದಿನ ಬಿಡಿ.

ಬಿದಿರು ಹೆಣೆದ ಹರಿಗೋಲಿಗೆ ಇದನ್ನು ತರಬೇಡಿ. ಅದು ಬಾಗುತ್ತದೆ, ತೇಪೆ ಬಾಗುವುದಿಲ್ಲ. ಅಲ್ಲಿ ಹಳೇ ಡಾಂಬರೇ ಸರಿ.