ಒಂದೇ ಮಷೀನಿನಲ್ಲಿ ಎರಡು ಟಾಮ್‌ಕ್ಯಾಟ್: 8080 ಒಂದನ್ನೇ ಬದಲಿಸಿದರೆ ಸಾಲದು

ಗೋದಾಮು, ಸೊಸೈಟಿ, ಶಾಲೆಗಳಲ್ಲಿ ಒಂದೇ ಸರ್ವರ್ ಮೇಲೆ ಎರಡು ಮೂರು ಸಾಫ್ಟ್‌ವೇರ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಹೊರಗಿನವರು ಬಂದು ಇನ್ನೊಂದು ಟಾಮ್‌ಕ್ಯಾಟ್ (ಜಾವಾದಲ್ಲಿ ಬರೆದ ಸಾಫ್ಟ್‌ವೇರನ್ನು ಬ್ರೌಸರಿನಲ್ಲಿ ಬಳಸುವಂತೆ ಓಡಿಸುವ ಸರ್ವರ್ ಪ್ರೋಗ್ರಾಂ) ಹಾಕುವವರಿದ್ದರೆ, ಅವರು ಕೀಬೋರ್ಡ್ ಮುಟ್ಟುವ ಮುಂಚೆಯೇ ಓದಿ.

ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಯಾವ ರೈತರ ಮೆಣಸಿನಕಾಯಿ ಚೀಲ ಎಲ್ಲಿದೆ, ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಎಲ್ಲವೂ ಒಂದು ಟಾಮ್‌ಕ್ಯಾಟ್ ಮೇಲೆ ನಡೆಯುತ್ತದೆ. ಗೇಟ್ ಪಾಸ್ ಬರುವುದೂ ಅದರಿಂದಲೇ. ಸೀಸನ್ ನಡುವೆಯೇ ಮಾಲೀಕರು ಬಾಡಿಗೆ ಲೆಕ್ಕಕ್ಕೆ ಇನ್ನೊಂದು ಸಾಫ್ಟ್‌ವೇರ್ ತೆಗೆದುಕೊಂಡರು. ಅದನ್ನು ಹಾಕಲು ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ಹಳೆಯ ಟಾಮ್‌ಕ್ಯಾಟ್ ಫೋಲ್ಡರನ್ನೇ ಕಾಪಿ ಮಾಡಿದ, ಪೋರ್ಟ್ ನಂಬರ್, ಅಂದರೆ ಮಷೀನಿನಲ್ಲಿ ಒಂದೊಂದು ಸಾಫ್ಟ್‌ವೇರ್ ಹಿಡಿಯುವ ಬಾಗಿಲಿನ ನಂಬರ್, 8080 ಇದ್ದಲ್ಲಿ 8081 ಎಂದು ಬರೆದ, ಸ್ಟಾರ್ಟ್ ಮಾಡಿದ. ಹೊಸದು ಎದ್ದ ಹಾಗೆ ಮಾಡಿ ತಾನೇ ನಿಂತುಹೋಯಿತು. ಏನಾಯಿತೆಂದು ಟಾಮ್‌ಕ್ಯಾಟ್ ಬರೆದಿಡುವ ಲಾಗ್ ಫೈಲ್ ನೋಡಲಿಲ್ಲ. ಒಮ್ಮೆ ಪೂರ್ತಿ ಬಂದ್ ಮಾಡಿ ಶುರು ಮಾಡೋಣ ಎಂದು ಹೊಸ ಫೋಲ್ಡರಿನ ಶಟ್‌ಡೌನ್ ಸ್ಕ್ರಿಪ್ಟ್ ಓಡಿಸಿದ.

ಬಂದ್ ಆಗಿದ್ದು ಹಳೆಯದು.

ಗೇಟಿನಿಂದ ಫೋನ್ ಬಂತು: "ಸರ್ರ, ಲಾರಿ ನಿಂತಾವ್ರಿ, ಪಾಸ್ ಬರವಲ್ವು." ಅಷ್ಟರಲ್ಲಿ ಅವನು ಹೊಸದನ್ನು ಮತ್ತೆ ಸ್ಟಾರ್ಟ್ ಮಾಡಿದ್ದ. ಈ ಸಲ ಅದು ಚೆನ್ನಾಗಿ ನಡೆಯಿತು! ಹಳೆಯದನ್ನು ಎಬ್ಬಿಸಲು ಹೋದರೆ ಅದು ಎದ್ದು ಎದ್ದು ಬೀಳುತ್ತಿತ್ತು. "ನಮ್ದು ಚೊಲೋ ನಡ್ಯಾಕತ್ತೈತ್ರಿ, ನಿಮ್ಮ ಹಳೇದ್ರಾಗ ಏನೋ ಫಾಲ್ಟ್ ಐತಿ" ಎಂದು ಮಾಲೀಕರ ಮುಂದೆ ಹೇಳಿದ. ಆ ಕಂಪನಿಯವರು ಫೋನಿನಲ್ಲಿ ಹೊಸ ಸರ್ವರ್ ತೆಗೆದುಕೊಳ್ಳಿ ಎಂದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಮಾತಿಗೆ. ಕಾರಣ ಹುಡುಕದೆ ಒಬ್ಬರ ದುಡ್ಡು ಖರ್ಚು ಮಾಡಿಸುವುದು ಸರಿಯಲ್ಲ.

ಆದದ್ದು ಇಷ್ಟು. ಟಾಮ್‌ಕ್ಯಾಟ್ ಬ್ರೌಸರಿಗೆ ಉತ್ತರ ಕೊಡುವ 8080 ಅಲ್ಲದೆ ಇನ್ನೊಂದು ಪೋರ್ಟನ್ನೂ ಹಿಡಿಯುತ್ತದೆ, ಅದು 8005. ಬಂದ್ ಆಗು ಎಂಬ ಸೂಚನೆಯನ್ನು ಕೇಳಿಸಿಕೊಳ್ಳುವುದು ಅಲ್ಲಿ. ಫೋಲ್ಡರ್ ಕಾಪಿ ಮಾಡಿದರೆ ಎರಡರ ಸರ್ವರ್ ಡಾಟ್ ಎಕ್ಸ್‌ಎಂಎಲ್ (server.xml) ಎಂಬ ಸೆಟ್ಟಿಂಗ್ ಫೈಲಿನಲ್ಲೂ 8005 ಇರುತ್ತದೆ. ಎರಡನೆಯದು 8081 ಹಿಡಿದು, ಸಾಫ್ಟ್‌ವೇರನ್ನೂ ಲೋಡ್ ಮಾಡಿ, ಕೊನೆಗೆ 8005 ಕೇಳುತ್ತದೆ. ಸಿಗದಿದ್ದರೆ ನಿಂತುಬಿಡುತ್ತದೆ. ಅದರ ಶಟ್‌ಡೌನ್ ಸ್ಕ್ರಿಪ್ಟ್ ಕೂಡ 8005ಕ್ಕೇ ಹೋಗಿ ಹೇಳುತ್ತದೆ. ಆಗ ಅಲ್ಲಿ ಯಾರು ಕೂತಿರುತ್ತಾರೋ ಅವರು ಬಂದ್ ಆಗುತ್ತಾರೆ. ಕ್ಯಾಟಲಿನಾ ಡಾಟ್ ಔಟ್ (catalina.out) ಎಂಬ ಲಾಗ್‌ನ ಕೊನೆಯಲ್ಲಿ 'ಅಡ್ರೆಸ್ ಆಲ್ರೆಡಿ ಇನ್ ಯೂಸ್', ಅಂದರೆ ಈ ಪೋರ್ಟ್ ಆಗಲೇ ಬೇರೆಯವರ ಬಳಿ ಇದೆ ಎಂದು 8005ರ ಸಮೇತ ಬರೆದಿತ್ತು. ಹೊಸದರ ಫೈಲಿನಲ್ಲಿ 8105 ಎಂದು ಹಾಕಿದ ಮೇಲೆ ಎರಡೂ ಅದೇ ಹಳೆಯ ಮಷೀನಿನಲ್ಲಿ ಓಡುತ್ತಿವೆ. ಆದರೆ ಫೈಲ್ ಬದಲಿಸುವ ಮುಂಚೆ ಓಡುತ್ತಿದ್ದುದನ್ನು ನಿಲ್ಲಿಸಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಹೊಸ ನಂಬರಿಗೆ ಹೋಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ.

8080 ತರಹದ ಪೋರ್ಟೇ ಡಿಕ್ಕಿ ಹೊಡೆದರೆ ಕಥೆ ಬೇರೆ. ಆಗ ಟಾಮ್‌ಕ್ಯಾಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಲಾಗ್‌ನಲ್ಲಿ ತಪ್ಪು ಬರೆದು ಸುಮ್ನೆ ಕೂತಿರುತ್ತದೆ. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಇದೆ, ಆದರೆ ಆ ಪೋರ್ಟಿನಲ್ಲಿ ಉತ್ತರ ಕೊಡುವುದು ಇನ್ನೊಂದು ಸಾಫ್ಟ್‌ವೇರ್. ಆದ್ದರಿಂದ ಪ್ರೋಸೆಸ್ ಲಿಸ್ಟ್ ನೋಡಿ ನಂಬಬೇಡಿ. ಲಿನಕ್ಸ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಜೊತೆ 'ಎಸ್‌ಎಸ್ -ಎಲ್‌ಟಿಎನ್‌ಪಿ' (sudo ss -ltnp) ಕಮಾಂಡ್ ಕೊಟ್ಟರೆ ಯಾವ ಪೋರ್ಟ್ ಯಾರ ಕೈಯಲ್ಲಿದೆ ಎಂದು ಕಾಣುತ್ತದೆ.

ಹಳೆಯ ಟಾಮ್‌ಕ್ಯಾಟ್ ಆದರೆ 8009 ಕೂಡ ನೋಡಿ. ಮುಂದೆ ಇಟ್ಟ ಇನ್ನೊಂದು ವೆಬ್ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡಲು ಇರುವ, ಎಜೆಪಿ ಎನ್ನುವ ಆ ಪೋರ್ಟ್ ಮೊದಲು ತಾನಾಗಿಯೇ ತೆರೆದಿರುತ್ತಿತ್ತು. 2020ರಲ್ಲಿ ಬಯಲಾದ ಘೋಸ್ಟ್‌ಕ್ಯಾಟ್ ದೋಷದಲ್ಲಿ, ಹೊರಗಿನವರು ಇದರ ಮೂಲಕ ಸಾಫ್ಟ್‌ವೇರಿನ ಒಳಗಿನ ಫೈಲ್ ಓದಬಹುದಿತ್ತು. ಟಾಮ್‌ಕ್ಯಾಟ್ 9ರ ಸಾಲಿನಲ್ಲಿ 9.0.31 ಆವೃತ್ತಿಯಿಂದ ಅದನ್ನು ತಾನಾಗಿ ತೆರೆಯುವುದನ್ನು ಬಿಟ್ಟರು. ನಿಮ್ಮದು ಅದಕ್ಕಿಂತ ಹಳೆಯದಾದರೆ ಅಪ್‌ಡೇಟ್ ಮಾಡಿಸಿ. ಕಾಪಿ ಮಾಡಿದ ಫೋಲ್ಡರಿನಲ್ಲಿ ಈ ದೋಷವೂ ಕಾಪಿ ಆಗಿರುತ್ತದೆ, ಅಲ್ವಾ?

ಇನ್ನೊಂದು. ಡಿಕ್ಕಿ ಬೇಡ ಎಂದು ಕೆಲವರು 45000 ತರಹದ ದೊಡ್ಡ ನಂಬರ್ ಕೊಡುತ್ತಾರೆ. ನಮಗೂ ಅದೇ ಸಲಹೆ ಬಂದಿತ್ತು. ಒಪ್ಪಬೇಡಿ. ಲಿನಕ್ಸ್ ಸಾಮಾನ್ಯವಾಗಿ 32768ರಿಂದ 60999ರವರೆಗಿನ ನಂಬರ್‌ಗಳನ್ನು ಹೊರಗೆ ಹೋಗುವ ಸಂಪರ್ಕಗಳಿಗೆ ಬಳಸುತ್ತದೆ. ನಿಮ್ಮ ಸರ್ವರ್ ನಿಂತಿರುವಾಗ ಡೇಟಾಬೇಸಿಗೆ ಹೋಗುವ ಯಾವುದೋ ಸಂಪರ್ಕ ಅದೇ ನಂಬರ್ ಹಿಡಿದರೆ, ಸರ್ವರ್ ಆ ಪೋರ್ಟಿನಲ್ಲಿ ಏಳುವುದಿಲ್ಲ. ಇಂಥದ್ದು ಯಾವಾಗಲೋ ಒಮ್ಮೆ ಆಗುತ್ತದೆ, ಹಾಗಾಗಿ ಹುಡುಕುವುದು ಬಹಳ ಕಷ್ಟ.

ಟಾಮ್‌ಕ್ಯಾಟ್ 9ರಲ್ಲಿ ಪೋರ್ಟ್‌ಆಫ್‌ಸೆಟ್ (portOffset) ಎಂಬ ಅನುಕೂಲವಿದೆ, ಕೊಟ್ಟ ಸಂಖ್ಯೆಯನ್ನು ಅದು ಪೋರ್ಟ್ ನಂಬರ್‌ಗಳಿಗೆ ಕೂಡಿಸುತ್ತದೆ. 100 ಎಂದು ಕೊಟ್ಟರೆ 8080 ಇದ್ದದ್ದು 8180, 8005 ಇದ್ದದ್ದು 8105 ಆಗುತ್ತದೆ. ಒಂದೊಂದನ್ನೇ ಕೈಯಿಂದ ತಿದ್ದುವುದಕ್ಕಿಂತ ಇದು ವಾಸಿ.

ಹೊಸ ಸಾಫ್ಟ್‌ವೇರ್ ಹಾಕುವವರಿಗೆ ಮೊದಲೇ ಕೇಳಿ: ನಿಮ್ಮದು ಯಾವ ಯಾವ ಪೋರ್ಟ್ ಹಿಡಿಯುತ್ತದೆ, ಬರೆದು ಕೊಡಿ. ಶಟ್‌ಡೌನ್ ಪೋರ್ಟ್ ಅದರಲ್ಲಿ ಇರದಿದ್ದರೆ ಲಾಗಿನ್ ಕೊಡಬೇಡಿ.