ಬಸಿ, ತಟ್ಟೆ, ಪರಾತ: ಮೆಟಲ್ ಡಿಟೆಕ್ಟರ್‌ಗೆ ಯಾವ ಕಾಯಿಲ್?

ಮೊದಲೇ ಹೇಳಿಬಿಡುತ್ತೇನೆ, ನಾನು ನಿಧಿ ಹುಡುಕುವವನಲ್ಲ. ಚಿತ್ರದುರ್ಗದ ಭೀಮಸಮುದ್ರದ ಕಡೆ ನಮ್ಮದೊಂದು ಅಡಿಕೆ ತೋಟ ಇದೆ. ದಾವಣಗೆರೆ ಪಕ್ಕ ಸೋದರಮಾವನ ಎರೆ ಹೊಲ ಇದೆ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಅತ್ತಿಗೆಯ ಒಂದು ಕಿವಿಯ ಓಲೆ ತೋಟದಲ್ಲಿ ಬಿದ್ದುಹೋಯಿತು. ಎರಡು ಗ್ರಾಂ ಇದ್ದೀತು, ಆದರೆ ತವರಿನಲ್ಲಿ ಕೊಟ್ಟಿದ್ದು. ಮೂರು ದಿನ ಮನೆಮಂದಿಯೆಲ್ಲ ಒಂದೊಂದೇ ಸೋಗೆ ಎತ್ತಿ ನೋಡಿದೆವು. ಸಿಗಲಿಲ್ಲ. ಆಗ ನಾನು ಡಿಟೆಕ್ಟರ್ ತರಿಸಿದೆ, ಆಮೇಲೆ ಅದಕ್ಕೆ ಇನ್ನೂ ಎರಡು ಕಾಯಿಲ್ ತರಿಸಿದೆ, ಮನೆಯಲ್ಲಿ ಬೈಸಿಕೊಂಡೆ. ಓಲೆಯ ಬೆಲೆಗಿಂತ ಜಾಸ್ತಿ ಖರ್ಚಾಯಿತು ಅಂತ ಲೆಕ್ಕ ಹಾಕಿ ತೋರಿಸಿದವರು ಸ್ವತಃ ಅತ್ತಿಗೆ.

ಕಾಯಿಲ್ ಅಂದರೆ ಕೋಲಿನ ತುದಿಯಲ್ಲಿ ಇರುವ ಆ ದುಂಡನೆಯ ತಟ್ಟೆ. ನನ್ನ ಬಳಿ ಮೂರು ಇವೆ: ಆರು ಇಂಚು, ಯಂತ್ರದ ಜೊತೆಗೇ ಬಂದ ಹನ್ನೊಂದು ಇಂಚು, ಮತ್ತೆ ಹದಿನೈದು ಇಂಚು. ಅಮ್ಮ ಇವಕ್ಕೆ ಬಸಿ, ತಟ್ಟೆ, ಪರಾತ ಅಂತ ಹೆಸರಿಟ್ಟಿದ್ದಾರೆ. ನಾನೂ ಹಾಗೇ ಕರೆಯುತ್ತೇನೆ, ಸುಲಭ.

ಒಳಗೆ ನಡೆಯುವುದು ಇಷ್ಟು. ಪ್ರತಿ ಕಾಯಿಲ್‌ನಲ್ಲೂ ತಾಮ್ರದ ತಂತಿಯ ಎರಡು ಸುರುಳಿ. ಒಂದು ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ಕರೆಂಟ್ ಸುಳಿದಾಡುತ್ತದೆ, ಆ ಕರೆಂಟ್ ತನ್ನದೇ ಒಂದು ಕ್ಷೇತ್ರ ಹುಟ್ಟಿಸುತ್ತದೆ, ಅದನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಕಾಯಿಲ್ ದೊಡ್ಡದಾದರೆ ಕ್ಷೇತ್ರ ಆಳಕ್ಕೆ ಹೋಗುತ್ತದೆ ಅನ್ನುವುದು ನಿಜ. ಆದರೆ ದುಪ್ಪಟ್ಟು ದೊಡ್ಡ ಕಾಯಿಲ್‌ಗೆ ದುಪ್ಪಟ್ಟು ಆಳ ಸಿಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ದೂರ ಎರಡರಷ್ಟಾದರೆ ಹೋಗುವ ಕ್ಷೇತ್ರ ಎಂಟರಲ್ಲಿ ಒಂದು ಪಾಲಾಗುತ್ತದೆ, ವಾಪಸ್ ಬರುವುದೂ ಅಷ್ಟೇ ಸೊರಗುತ್ತದೆ. ಒಟ್ಟು 64ರಲ್ಲಿ ಒಂದು ಪಾಲು ಉಳಿಯಿತು. ಹಾಗಾಗಿ ಪರಾತ ಕೊಂಡವನಿಗೆ ಸಿಗುವುದು ಒಂದೆರಡು ಇಂಚು ಲಾಭ, ಅದೂ ಮಣ್ಣು ಒಳ್ಳೆಯದಿದ್ದರೆ.

ಇಡೀ ಕಥೆ ಇರುವುದೇ ಈ ಮಣ್ಣಿನಲ್ಲಿ. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಳಿವೆ ಅಂತ ಎಲ್ಲರಿಗೂ ಗೊತ್ತು, ಅಲ್ಲಿನ ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಬೈಕ್ ಓಡಿಸಿದವರ ಅಂಗಿಗಂತೂ ಚೆನ್ನಾಗಿ ಗೊತ್ತು. ನಮ್ಮ ತೋಟದ್ದು ಅದೇ ಕೆಂಪು ಮಸಾರಿ, ಮಧ್ಯೆ ಮಧ್ಯೆ ತೂಕದ ಕಪ್ಪು ಹರಳು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಾರ ಕಟ್ಟಿ ಹತ್ತು ಹೆಜ್ಜೆ ಎಳೆದೆ. ಎತ್ತಿ ನೋಡಿದರೆ ಕವರಿಗೆ ಗಡ್ಡ ಬಂದಿತ್ತು, ಕಪ್ಪು ಪುಡಿಯ ಗಡ್ಡ. ಮಣ್ಣು ಕೆಂಪಗಿದ್ದ ಮಾತ್ರಕ್ಕೆ ತೊಂದರೆ ಇಲ್ಲ, ಅಯಸ್ಕಾಂತಕ್ಕೆ ಅಂಟುವ ಈ ಪುಡಿ ಇದೆಯಲ್ಲ, ಅದೇ ಶತ್ರು. ಡಿಟೆಕ್ಟರ್‌ಗೆ ಇಡೀ ನೆಲವೇ ಒಂದು ದೊಡ್ಡ ಕಬ್ಬಿಣದ ತುಂಡಿನ ಹಾಗೆ ಕಾಣುತ್ತದೆ. ಮಾವನ ಎರೆ ಹೊಲದಲ್ಲಿ ಇದೇ ಅಯಸ್ಕಾಂತ ಎಳೆದರೆ ನಾಲ್ಕು ಕಾಳು ಅಂಟಿತು, ಅಷ್ಟೇ. ಡಿಟೆಕ್ಟರ್ ಕೊಳ್ಳುವ ಮೊದಲು ಎಲ್ಲರೂ ಮಾಡಬೇಕಾದ ಪರೀಕ್ಷೆ ಇದು, ಒಂದು ಪೈಸೆ ಖರ್ಚಿಲ್ಲ.

ಮೂರೂ ತಟ್ಟೆಗಳನ್ನು ಎರಡೂ ಕಡೆ ಒಂದೇ ರೀತಿ ಪರೀಕ್ಷಿಸಬೇಕಿತ್ತು. ಗುಂಡಿ ತೋಡಿ ಹೂತು ನೋಡಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಅಗೆದ ಮಣ್ಣು ಅಲುಗಾಡದ ನೆಲದ ಹಾಗೆ ವರ್ತಿಸುವುದಿಲ್ಲ. ಅದಕ್ಕೆ ಒಂದು ಇಂಚಿನ ಪಿವಿಸಿ ಪೈಪನ್ನು ಓರೆಯಾಗಿ ನೆಲಕ್ಕೆ ಬಡಿದು ಕೂರಿಸಿದೆ. ಒಂದು ಬಿದಿರಿನ ದಬ್ಬೆಯ ತುದಿಗೆ ಉಂಗುರ ಕಟ್ಟಿ ಪೈಪಿನೊಳಗೆ ಜಾರಿಸಿದರೆ ಆಯಿತು, ಮೇಲಿನ ಮಣ್ಣು ಮುಟ್ಟದೆ ಆಳ ಬದಲಿಸಬಹುದು. ಉಂಗುರ ನನ್ನ ಹೆಂಡತಿಯದು, ಮೂರು ಗ್ರಾಂ. ನೈಲಾನ್ ದಾರದ ಇನ್ನೊಂದು ತುದಿಯನ್ನು ಅವಳು ತನ್ನ ಬೆರಳಿಗೆ ಸುತ್ತಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು, ಪರೀಕ್ಷೆ ಮುಗಿಯುವವರೆಗೂ ಬಿಡಲಿಲ್ಲ. ಉಂಗುರದ ಜೊತೆಗೆ ಒಂದು ಹತ್ತು ರೂಪಾಯಿ ನಾಣ್ಯವನ್ನೂ ನೋಡಿದೆ. ಒಂದು ರೂಪಾಯಿ ನಾಣ್ಯ ಬೇಡ, ಈಗಿನದು ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನದು, ಡಿಟೆಕ್ಟರ್‌ಗೆ ಕಬ್ಬಿಣದಂತೆಯೇ ಕೇಳಿಸಿ ಗೊಂದಲ ಮಾಡುತ್ತದೆ.

ಎರೆ ಹೊಲದಲ್ಲಿ ಪುಸ್ತಕದಲ್ಲಿ ಇದ್ದಂತೆಯೇ ಆಯಿತು. ಬಸಿಗೆ ನಾಣ್ಯ ಆರು ಇಂಚಿನವರೆಗೆ ಸಿಕ್ಕಿತು, ತಟ್ಟೆಗೆ ಒಂಬತ್ತು, ಪರಾತಕ್ಕೆ ಹತ್ತೂವರೆ. ಉಂಗುರ ಕ್ರಮವಾಗಿ ಐದು, ಏಳು, ಏಳು. ಗಮನಿಸಿ, ಉಂಗುರಕ್ಕೆ ಬಂದಾಗ ಪರಾತದ ಹೆಚ್ಚುಗಾರಿಕೆ ಮಾಯ. ದೊಡ್ಡ ತಟ್ಟೆಯ ಕ್ಷೇತ್ರ ಅಗಲಕ್ಕೆ ಹರಡಿರುತ್ತದೆ, ಸಣ್ಣ ವಸ್ತು ಅದರಲ್ಲಿ ಮುಳುಗಿಹೋಗುತ್ತದೆ.

ತೋಟದ ಮಸಾರಿಯಲ್ಲಿ ಎಲ್ಲ ತಲೆಕೆಳಗು. ಪರಾತ ಹಾಕಿಕೊಂಡು ಹೋದರೆ ಹೆಜ್ಜೆಗೊಂದು ಸಲ ಕಿರ್ ಅನ್ನುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿದೆ, ಅಂದರೆ ಕಾಯಿಲನ್ನು ನೆಲದ ಮೇಲೆ ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡಿಸಿ ಈ ಮಣ್ಣಿನ ಸದ್ದನ್ನು ಮರೆತುಬಿಡು ಅಂತ ಯಂತ್ರಕ್ಕೆ ಹೇಳುವುದು. ನಾಲ್ಕು ಹೆಜ್ಜೆ ಸರಿ ಇತ್ತು, ಐದನೇ ಹೆಜ್ಜೆಗೆ ಮತ್ತೆ ಶುರು. ಮೇಲೆ ಕರೆಂಟ್ ಲೈನ್ ಬೇರೆ, ಮೋಟರ್ ಆನ್ ಇದ್ದರೆ ಇನ್ನೂ ಗಲಾಟೆ, ದೊಡ್ಡ ಕಾಯಿಲ್ ಅಂದರೆ ದೊಡ್ಡ ಆಂಟೆನಾ ಅಲ್ವಾ. ಸೆನ್ಸಿಟಿವಿಟಿ, ಅಂದರೆ ಯಂತ್ರದ ಕಿವಿಯ ಚುರುಕು, ಅರ್ಧಕ್ಕೆ ಇಳಿಸಿದ ಮೇಲೆ ಸುಮ್ಮನಾಯಿತು, ಆದರೆ ಆಗ ಉಂಗುರ ಮೂರೂವರೆ ಇಂಚಿಗಿಂತ ಕೆಳಗೆ ಸಿಗಲೇ ಇಲ್ಲ. ತಟ್ಟೆ ನಾಲ್ಕೂವರೆ ಕೊಟ್ಟಿತು, ಆದರೆ ಹತ್ತು ಸಲ ಬೀಸಿದರೆ ಆರು ಸಲ ಮಾತ್ರ ಕೂಗಿತು. ಬಸಿಯೂ ಕೊಟ್ಟಿದ್ದು ನಾಲ್ಕೂವರೆಯೇ, ಆದರೆ ಹತ್ತಕ್ಕೆ ಹತ್ತು ಸಲ, ಸ್ಪಷ್ಟವಾಗಿ. ಸಣ್ಣ ಕಾಯಿಲ್ ಒಂದು ಸಲಕ್ಕೆ ನೋಡುವ ಮಣ್ಣೇ ಕಡಿಮೆ, ಅದಕ್ಕೆ ಮಣ್ಣಿನ ಗಲಾಟೆಯೂ ಕಡಿಮೆ.

ನನ್ನ ಮೂರೂ ಡಬಲ್ ಡಿ ಜಾತಿಯವು. ಇಂಗ್ಲಿಷಿನ ಎರಡು ಡಿ ಅಕ್ಷರಗಳನ್ನು ಬೆನ್ನಿಗೆ ಬೆನ್ನು ಮಾಡಿ ಸ್ವಲ್ಪ ಒಂದರ ಮೇಲೊಂದು ಏರಿಸಿದ ಹಾಗೆ ಸುರುಳಿ ಇರುತ್ತದೆ, ಅವು ಕೂಡುವ ಉದ್ದನೆಯ ಪಟ್ಟಿಯೇ ಕೆಲಸ ಮಾಡುವ ಜಾಗ. ಗೆಳೆಯನೊಬ್ಬನ ಹಳೇ ಯಂತ್ರದಲ್ಲಿ ಕಾನ್ಸೆಂಟ್ರಿಕ್ ಇದೆ, ದೊಡ್ಡ ಬಳೆಯ ಒಳಗೆ ಚಿಕ್ಕ ಬಳೆ. ಅದನ್ನೂ ಎರಡು ದಿನ ಕಡ ತಂದೆ. ಎರೆಯಲ್ಲಿ ಅದು ಬಲು ಚೆನ್ನ. ಸದ್ದು ಬಂತಾ, ತಟ್ಟೆಯ ನಟ್ಟನಡುವೆ ಅಗೆಯಿರಿ, ಅಲ್ಲೇ ಇರುತ್ತದೆ. ಡಬಲ್ ಡಿಯಲ್ಲಿ ಅಡ್ಡಡ್ಡ ಬೀಸಿ, ಆಮೇಲೆ ತೊಂಬತ್ತು ಡಿಗ್ರಿ ತಿರುಗಿ ಮತ್ತೆ ಬೀಸಿ ಜಾಗ ಗುರುತಿಸಬೇಕು, ಅಭ್ಯಾಸ ಆಗುವವರೆಗೆ ಗುಂಡಿ ಪಕ್ಕಕ್ಕೆ ಬೀಳುತ್ತದೆ. ಆದರೆ ಕಾನ್ಸೆಂಟ್ರಿಕ್ಕಿನ ಕ್ಷೇತ್ರ ಗೋಪುರ ಮಗುಚಿದ ಆಕಾರ, ಕೆಳಗೆ ಹೋದಂತೆ ಮೊನಚು, ಆದ್ದರಿಂದ ಪ್ರತಿ ಬೀಸನ್ನೂ ಹಿಂದಿನದರ ಮೇಲೆ ಅರ್ಧ ಹತ್ತಿಸಬೇಕು. ಮಸಾರಿಗೆ ತಂದಾಗಲಂತೂ ಅಪರಿಚಿತರನ್ನು ಕಂಡ ನಾಯಿಯ ಹಾಗೆ ಒಂದೇ ಸಮನೆ ಬೊಗಳಿತು. ಹತ್ತು ನಿಮಿಷಕ್ಕೇ ಆಫ್ ಮಾಡಿದೆ.

ತೂಕದ ಮಾತು ಸಣ್ಣದಲ್ಲ. ಪರಾತ ಕೈಗೆ ಎತ್ತಿದಾಗ ಹಗುರ ಅನ್ನಿಸುತ್ತದೆ, ಆದರೆ ಕೋಲಿನ ತುದಿಯಲ್ಲಿ ಸಿಕ್ಕಿಸಿ ಒಂದು ಗಂಟೆ ಬೀಸಿ ನೋಡಿ. ರಾತ್ರಿ ಭುಜಕ್ಕೆ ಮುಲಾಮು ಹಚ್ಚಿಕೊಂಡೆ. ಅಡಿಕೆ ತೋಟದಲ್ಲಿ ಇನ್ನೊಂದು ಕಷ್ಟ, ಬೀಸಲು ಜಾಗವೇ ಇಲ್ಲ, ಮರದ ಬುಡಕ್ಕೆ ಬಡಿಯುತ್ತದೆ, ಡ್ರಿಪ್ ಪೈಪಿಗೆ ಸಿಕ್ಕಿಕೊಳ್ಳುತ್ತದೆ.

ಓಲೆ ಸಿಕ್ಕಿದ್ದು ಬಸಿಗೆ. ಮೊದಲ ಮೂರು ದಿನ ತಟ್ಟೆ ಹಿಡಿದು ತಿರುಗಿ ಸಿಕ್ಕಿದ್ದು ಜಿಐ ತಂತಿಯ ತುಂಡು, ರೋಟವೇಟರಿನ ಮುರಿದ ಬ್ಲೇಡು, ಮೊಳೆ, ಮಾತ್ರೆಯ ಹಾಳೆ. ಪರಾತವನ್ನು ಆಗಲೇ ಬದಿಗಿಟ್ಟಿದ್ದೆ. ಅತ್ತಿಗೆ ಟೀ ತಂದುಕೊಟ್ಟು, “ಅಲ್ಲೋ ಮಾರಾಯ, ಅದು ಓಲೆ ಹುಡುಕ್ತತೋ ಇಲ್ಲ ಮೊಳೆ ಹುಡುಕ್ತತೋ?” ಅಂದರು. ಸಿಟ್ಟು ಬಂತು, ಆದರೆ ಪ್ರಶ್ನೆ ಸರಿ ಇತ್ತು. ಮೊಳೆ ಮತ್ತು ಓಲೆ ಅಕ್ಕಪಕ್ಕ ಬಿದ್ದಿದ್ದರೆ ಹನ್ನೊಂದು ಇಂಚಿನ ತಟ್ಟೆ ಎರಡನ್ನೂ ಒಟ್ಟಿಗೆ ನೋಡುತ್ತದೆ, ಕಬ್ಬಿಣ ಚಿನ್ನವನ್ನು ಮುಚ್ಚಿಹಾಕುತ್ತದೆ. ನಾಲ್ಕನೇ ದಿನ ಬಸಿ ಹಾಕಿ, ಅಡಿಕೆ ಕೊನೆಗಳನ್ನು ರಾಶಿ ಹಾಕಿದ್ದ ಜಾಗವನ್ನು ಅಂಗುಲ ಅಂಗುಲ ನೋಡಿದೆ. ಒಂದು ಬುಡದ ಹತ್ತಿರ ಕಬ್ಬಿಣದ ಒಡಕು ಸದ್ದು, ಅದರ ಪಕ್ಕ ನಾಲ್ಕು ಬೆರಳು ದೂರದಲ್ಲಿ ಬೇರೆ ಒಂದು ಸಣ್ಣ, ಮೃದು ಸದ್ದು. ಯಾವ ಲೋಹ ಇರಬಹುದು ಅಂತ ಯಂತ್ರ ಪರದೆಯಲ್ಲಿ ತೋರಿಸುವ ನಂಬರ್ ನೋಡಿದರೆ ಮಾತ್ರೆ ಹಾಳೆಯದೇ ನಂಬರ್. ಸಣ್ಣ ಚಿನ್ನ ಮತ್ತು ಅಲ್ಯುಮಿನಿಯಂ ಹಾಳೆ ಎರಡೂ ಒಂದೇ ಕಡೆ ಬರುತ್ತವೆ, ಹಾಳೆ ಬೇಡ ಅಂತ ಯಂತ್ರದಲ್ಲಿ ಅದನ್ನು ತಳ್ಳಿಹಾಕಿದರೆ ಚಿನ್ನವೂ ಹೋಯಿತು. ಕುರ್ಪಿಯಿಂದ ಎರಡು ಇಂಚು ಕೆರೆದೆ. ಮಣ್ಣು ಮೆತ್ತಿದ ಕಡಲೆಕಾಳಿನ ಹಾಗೆ ಇತ್ತು. ಬಾಯಿಂದ ಊದಿದ ಮೇಲೆ ಕೆಂಪು ಹರಳು ಕಂಡಿತು.

ಹಾಗಂತ ಪರಾತ ದಂಡ ಅಂತ ಅಲ್ಲ. ಮಾವನ ಹೊಲದಲ್ಲಿ ಹಳೇ ಫೇಲ್ ಆದ ಬೋರ್ ಒಂದಿತ್ತು, ಕೇಸಿಂಗ್ ಪೈಪಿನ ಬಾಯಿಗೆ ಕಬ್ಬಿಣದ ತಗಡು ವೆಲ್ಡ್ ಮಾಡಿ ಮಣ್ಣು ಮುಚ್ಚಿದ್ದರು, ಎಲ್ಲಿ ಅಂತ ಯಾರಿಗೂ ನೆನಪಿಲ್ಲ. ಎರಡು ಎಕರೆ ಮೆಕ್ಕೆಜೋಳದ ಕೂಳೆ. ಪರಾತ ಹಿಡಿದು ಉದ್ದುದ್ದ ಸಾಲು ಹೊಡೆದೆ, ಒಂದು ಗಂಟೆಯೊಳಗೆ ಸಿಕ್ಕಿತು, ಹೆಚ್ಚುಕಡಿಮೆ ಎರಡು ಅಡಿ ಆಳದಲ್ಲಿ. ಬಸಿಯಲ್ಲಾಗಿದ್ದರೆ ಯುಗಾದಿವರೆಗೂ ಬೀಸುತ್ತಿದ್ದೆ. ಅಗಲ ಜಾಗ, ದೊಡ್ಡ ವಸ್ತು, ಸಮಾಧಾನದ ಮಣ್ಣು, ಈ ಮೂರೂ ಇದ್ದರೆ ಪರಾತವೇ ಸರಿ.

ಒಂದು ಏಟು ತಿಂದ ವಿಷಯ. ಮೊದಲ ಸಲ ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಕಡಿಮೆ ಬೆಲೆಗೆ ಒಂದು ಆರು ಇಂಚಿನ ಕಾಯಿಲ್ ತರಿಸಿದ್ದೆ. ಪ್ಲಗ್ ಸರಿಯಾಗಿ ಕೂತಿತು, ತಿರುಪೂ ಬಿಗಿಯಾಯಿತು, ಯಂತ್ರ ಮಾತ್ರ ಗಾಳಿಯಲ್ಲೂ ಕೂಗುತ್ತಿತ್ತು. ಪಿನ್ ಕೂತರೆ ಸಾಲದು, ಕಾಯಿಲ್ ಆ ಯಂತ್ರದ ಫ್ರೀಕ್ವೆನ್ಸಿಗೇ ಹೊಂದುವಂತೆ ಸುತ್ತಿರಬೇಕು. ದುಡ್ಡು ವಾಪಸ್ ಬರಲು ಒಂದೂವರೆ ತಿಂಗಳಾಯಿತು. ನಿಮ್ಮ ಮಾಡೆಲ್ಲಿನ ಹೆಸರು ಕಾಯಿಲ್ ಡಬ್ಬದ ಮೇಲೆ ಇಲ್ಲದಿದ್ದರೆ ಕೊಳ್ಳಬೇಡಿ. ಇನ್ನೊಂದು, ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಜೋಲಾಡಿದರೆ ಅದೂ ಸುಳ್ಳು ಸದ್ದು ಕೊಡುತ್ತದೆ. ಕಾಯಿಲ್ ಸಿಕ್ಕಿಸುವ ಪ್ಲಾಸ್ಟಿಕ್ ಬೋಲ್ಟ್ ಮುರಿದರೆ ಮನೆಯಲ್ಲಿದ್ದ ಕಬ್ಬಿಣದ ಬೋಲ್ಟ್ ಹಾಕಬೇಡಿ, ನಾನು ಹಾಕಿ ನೋಡಿದ್ದೇನೆ.

ಇದನ್ನು ಹಿಡಿದು ತಿರುಗುವಾಗ ಜನ ಬಂದೇ ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕೊಪ್ಪರಿಗೆ ಹೊನ್ನಿನ ಕಥೆ ಇಲ್ಲದ ಊರಿಲ್ಲ. ಬೇಲಿಯಾಚೆಯ ಅಜ್ಜನೊಬ್ಬ ಎರಡು ದಿನ ಕೂತು ನೋಡಿ, ಸಿಕ್ಕರೆ ಅರ್ಧ ಅಂತ ಕೇಳಿಯೂಬಿಟ್ಟ. ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿ ಕಡೆ ಇದನ್ನು ಒಯ್ಯುವ ಯೋಚನೆಯನ್ನೇ ಮಾಡಬೇಡಿ. ಚಂದ್ರವಳ್ಳಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕ ಜಾಗ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದ್ದು ಅಲ್ಲಿ ಮತ್ತು ಬ್ರಹ್ಮಗಿರಿಯಲ್ಲಿ. ಅಂಥ ಕಡೆ ಒಂದು ಗುಂಡಿ ತೋಡಿದರೂ ಅಪರಾಧ, ತೋಡಬಾರದು ಕೂಡ. ನಿಮ್ಮದೇ ಹೊಲದಲ್ಲಿ ಹಳೇ ಕಾಲದ ಹಣ, ಒಡವೆ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ 1962ರ ಕರ್ನಾಟಕದ ನಿಧಿ ಕಾಯ್ದೆಯೇ ಇದೆ.

ಈಗ ಕೊಳ್ಳುವವರಿಗೆ ನಾನು ಹೇಳುವುದು: ಜೊತೆಗೆ ಬರುವ ಹನ್ನೊಂದು ಇಂಚಿನದನ್ನು ಒಂದು ತಿಂಗಳು ಬಳಸಿ. ಮಸಾರಿಯವರು, ತೋಟದವರು, ಮೊಳೆ ತಂತಿ ಜಾಸ್ತಿ ಇರುವ ಹಿತ್ತಲಿನವರು ಎರಡನೆಯದಾಗಿ ಆರು ಇಂಚಿನದೇ ತಗೊಳ್ಳಿ. ಪರಾತ ಯಾರದಾದರೂ ಕಡ ಸಿಕ್ಕರೆ ಸಾಕು. ನನ್ನದು ಈಗ ಮಾವನ ಊರಲ್ಲೇ ಇದೆ, ಅಲ್ಲಿ ಇನ್ನೂ ಮೂರು ಜನರ ಬೋರ್ ಕಳೆದುಹೋಗಿದೆಯಂತೆ. ಬಸಿ ನನ್ನ ಹತ್ತಿರ ಇದೆ, ಯಾಕೆಂದರೆ ಓಲೆ ಸಿಕ್ಕಿತು, ಅದರ ತಿರುಪು ಇನ್ನೂ ಸಿಕ್ಕಿಲ್ಲ.